ಆಡೋ ಹುಡುಗರ ಪಗಾರ, ಹುಡುಗಿಯರ ತಾಟು

ಅಮೇರಿಕಾದಾಗ ಫುಟ್‌ಬಾಲ್ ಅಂದ್ರ ನಮ್ಮ ಕಾಲ್ಚೆಂಡಲ್ಲ, ಇದನ್ನ ಮೊದಲ ಹೇಳಿಬಿಡ್ತೇನಿ. ಚಂಡು ಉದ್ದಕ ಇರ್ತದ, ಎರಡೂ ತುದಿ ಚೂಪು. ಅದನ್ನ ಕೈಯಾಗ ಹಿಡಕೊಂಡು ಓಡ್ತಾರ, ಎದುರಿನವರು ಬಂದು ಢಿಕ್ಕಿ ಹೊಡದು ಕೆಡವ್ತಾರ. ತಲಿಗೆ ಹೆಲ್ಮೆಟ್, ಹೆಗಲಿಗೆ ಗಾದಿಯಂಥಾ ಪ್ಯಾಡ್. ಇಷ್ಟೆಲ್ಲಾ ಹೊಡೆತ ತಿನ್ನವ್ರು ಯಾರಂದ್ರ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ವರ್ಷದ ಕಾಲೇಜು ಹುಡುಗರು.

ನಾವಿರೋ ಆ್ಯನ್ ಆರ್ಬರ್‌ನಾಗ ಮಿಶಿಗನ್ ಯುನಿವರ್ಸಿಟಿ ಸ್ಟೇಡಿಯಂ ಅದ. 1,07,601 ಮಂದಿ ಕೂಡೂವಷ್ಟು ಜಾಗಾ. ಊರಿನ ಜನಸಂಖ್ಯೆನ 1,20,000ದ ಆಸುಪಾಸು ಅಂದ್ರ ನೀವ ಲೆಕ್ಕಾ ಹಾಕ್ರಿ. ಆಟ ಇದ್ದ ಶನಿವಾರ ನಮ್ಮ ಓಣಿಯವರೆಲ್ಲಾ ಅಂಗಳದಾಗ ಕಾರು ನಿಲ್ಲಿಸಲಿಕ್ಕೆ ಜಾಗಾ ಬಾಡಿಗಿಗೆ ಕೊಡ್ತಾರ. ನಾವೂ ಕೊಡ್ತೇವಿ. ಮುಂಜಾನೆ ಎಂಟಕ್ಕ ನಾಲ್ಕು ಕಾರು ನಿಲ್ಲಿಸಿಕೊಂಡ್ರ ವಾರದ ಕಾಯಿಪಲ್ಲೆ, ಹಾಲಿನ ಖರ್ಚು ಆರಾಮ ಹೊಂಡತದ. ಆಟ ಶುರುವಾದ್ರ ಕಿರಾಣಿ ಅಂಗಡಿ ಖಾಲಿ. ಕನ್ನಡದ ಹೆಣ್ಣುಮಕ್ಕಳೆಲ್ಲಾ ಆವಾಗನ ಸಂತಿಗೆ ಹೋಗೂದು.

ಮೊನ್ನೆ ಧಾರವಾಡದಿಂದ ನಮ್ಮ ವೈನಿ ಫೋನಿನಾಗ ಕೇಳಿದ್ರು. "ಅಲ್ಲಾ, ಅಲ್ಲೆ ಕಾಲೇಜು ಹುಡುಗರಿಗೆ ಆಟ ಆಡಲಿಕ್ಕೆ ಕೋಟಿಗಟ್ಟಲೆ ರೊಕ್ಕಾ ಕೊಡ್ತಾರಂತ? ಓದಲಿಕ್ಕೆ ಹೋಗ್ಯಾರೋ ಹರಾಜಿಗೆ ನಿಂತಾರೋ?" ಇಲ್ಲಿನ ನಮ್ಮ ಮಂದೀನೂ ಪಾಟ್‌ಲಕ್ ಊಟದಾಗ ಇದನ್ನ ಮಾತಾಡ್ತಾರ. ರೊಕ್ಕ ಬಂತು, ಆಟ ಕೆಟ್ಟಿತು ಅಂತ. ನಂಗ ಹಂಗ ಅನಸೂದಿಲ್ಲ. ರೊಕ್ಕ ಮೊದಲಿಂದನೂ ಇತ್ತು. ಆಡವ್ರ ಕೈಗೆ ಬರ್ತಿರಲಿಲ್ಲ, ಅಷ್ಟ.

ಎಷ್ಟು ಬಿಗಿ ಇತ್ತು ಅಂದ್ರ, 2010ರಾಗ ಒಹಾಯೊ ಸ್ಟೇಟ್‌ನ ಐದು ಮಂದಿ ಆಟಗಾರರು ತಮ್ಮ ಆಟದ ಸಾಮಾನು, ನೆನಪಿನ ವಸ್ತು ಕೊಟ್ಟು ಬದಲಿಗೆ ಮೈಮ್ಯಾಲೆ ಹಚ್ಚೆ ಹಾಕಿಸಿಕೊಂಡ್ರು ಅಂತ ಅವರನ್ನ ಐದು ಪಂದ್ಯದಿಂದ ಹೊರಗಿಟ್ರು. ಅದ ವರ್ಷ ಜಾರ್ಜಿಯಾದ ಎ. ಜೆ. ಗ್ರೀನ್ ಅನ್ನೋ ಹುಡುಗ ತನ್ನ ಜರ್ಸಿ 1,000 ಡಾಲರ್‌ಗೆ ಮಾರಿದ್ದಕ್ಕ ನಾಲ್ಕು ಪಂದ್ಯ ಆಡಲಿಕ್ಕೆ ಬಿಡಲಿಲ್ಲ. ತಾನು ಬೆವರು ಸುರಿಸಿದ ಅಂಗಿ ತಾನು ಮಾರಂಗಿಲ್ಲ. ಕಾಲೇಜಿನ ಅಂಗಡಿಯೊಳಗ ಮಾತ್ರ ಜರ್ಸಿ ಮಾರಾಟ ನಡದ ಇತ್ತು.

ಇನ್ನ ಕೋಚ್‌ಗಳ ಕಡೆ ನೋಡ್ರಿ. 2023ರ ನವೆಂಬರದಾಗ ಟೆಕ್ಸಾಸ್ ಎ ಆ್ಯಂಡ್ ಎಂ ಯುನಿವರ್ಸಿಟಿ ತನ್ನ ಕೋಚ್ ಜಿಂಬೊ ಫಿಶರ್‌ನ ಕೆಲಸದಿಂದ ತಗೀತು. ಒಪ್ಪಂದ ನಡುವ ಮುರದದ್ದಕ್ಕ ಅವನಿಗೆ ಕೊಡಬೇಕಾಗಿದ್ದು 7 ಕೋಟಿ 60 ಲಕ್ಷ ಡಾಲರ್ ಹತ್ತರ ಹತ್ತರ. ಕೆಲಸಾ ಮಾಡಲಿಕ್ಕಲ್ಲವಾ, ಮಾಡಬ್ಯಾಡಪಾ ಅನ್ನಲಿಕ್ಕೆ! ಈ ರೊಕ್ಕಾ ಕೊಡೂ ಮುಂದ ವಿದ್ಯೆ ಕೆಡತದ ಅಂತ ಯಾರಿಗೂ ಚಿಂತಿ ಆಗಲಿಲ್ಲ. ಆಡೋ ಹುಡುಗಗ ಕೊಡೂ ಮುಂದ ಮಾತ್ರ ಎಲ್ಲಾರಿಗೂ ಸರಸ್ವತಿ ನೆನಪಾಗ್ತಾಳ.

ಒಂದು ಹಳೀ ಕತಿ ಹೇಳಬೇಕು, ಯಾಕಂದ್ರ ಎಲ್ಲಾದರ ಬೇರು ಅಲ್ಲೇ ಅದ. ಈ ಆಟದಾಗ ಹುಡುಗರು ಸಾಯೂದು ಹೊಸದಲ್ಲ. 1905ರಾಗ ಎಷ್ಟು ಸಾವಾದ್ವು ಅಂದ್ರ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನ ಶ್ವೇತಭವನಕ್ಕ ಕರಸಿ ಬುದ್ಧಿ ಹೇಳಬೇಕಾತು. ಮರುವರ್ಷ ಹುಟ್ಟಿದ ಸಂಘನ ಮುಂದ ಎನ್‌ಸಿಎಎ ಅಂತ ಆತು. ಕಾಲೇಜು ಆಟಗಳಿಗೆಲ್ಲಾ ನಿಯಮ ಮಾಡೋ ಯಜಮಾನ ಅದು.

1955ರಾಗ ಕೊಲರಾಡೊದ ಫೋರ್ಟ್ ಲೂಯಿಸ್ ಅನ್ನೋ ಸಣ್ಣ ಕಾಲೇಜಿನ ಪರವಾಗಿ ಆಡ್ತಿದ್ದ ರೇ ಡೆನಿಸನ್ ಅನ್ನವ ಆಟದಾಗ ತಲಿಗೆ ಪೆಟ್ಟು ಬಿದ್ದು ತೀರಿಕೊಂಡ. ಕಾರ್ಖಾನಿಯೊಳಗ ಕೆಲಸಗಾರ ಸತ್ತರ ಮನಿಯವರಿಗೆ ಪರಿಹಾರ ಕೊಡ್ತಾರಲ್ಲ, ಹಂಗ ನನಗೂ ಕೊಡ್ರಿ, ನನ್ನ ಗಂಡ ಕಾಲೇಜಿನ ಕೆಲಸದಾಗ ಸತ್ತಾನ ಅಂತ ಅವನ ಹೆಂಡತಿ ಕೇಳಿದಳು. 1957ರಾಗ ಕೊಲರಾಡೊ ಸುಪ್ರೀಂ ಕೋರ್ಟ್ ಆಗಂಗಿಲ್ಲ ಅಂತು. ಕಾಲೇಜೇನು ಫುಟ್‌ಬಾಲ್ ವ್ಯಾಪಾರ ಮಾಡಂಗಿಲ್ಲ, ಅವ ನೌಕರ ಅಲ್ಲ ಅಂತ.

ಅದ ಕಾಲಕ್ಕ ಎನ್‌ಸಿಎಎ ನಡಸ್ತಿದ್ದ ವಾಲ್ಟರ್ ಬೈಯರ್ಸ್ ಅನ್ನವರು "ಸ್ಟೂಡೆಂಟ್-ಅಥ್ಲೀಟ್" ಅನ್ನೋ ಹೆಸರು ಬಳಕಿಗೆ ತಂದ್ರು. ನೌಕರ ಅನಬ್ಯಾಡ್ರಿ, ಆಟಗಾರ ಅಂತನೂ ಅನಬ್ಯಾಡ್ರಿ, ವಿದ್ಯಾರ್ಥಿ-ಕ್ರೀಡಾಪಟು ಅನ್ರಿ ಅಂತ. ಕೇಳಲಿಕ್ಕೆ ಎಷ್ಟು ಛಲೋ ಅದ! ಆದ್ರ ಪೆಟ್ಟು ತಿಂದವರು, ಸತ್ತವರ ಮನಿಯವರು ಪರಿಹಾರ ಕೇಳಿಕೊಂಡು ಬರಬಾರದು ಅನ್ನೋ ಲೆಕ್ಕಾಚಾರ ಅದರ ಹಿಂದ ಇತ್ತು. ಇದನ್ನ ನಾ ಹೇಳೂದಲ್ಲ. ಬೈಯರ್ಸ್ ತಾವ ನಿವೃತ್ತಿ ಆದಮ್ಯಾಲೆ 1995ರಾಗ ಪುಸ್ತಕಾ ಬರದು, ಕಾಲೇಜು ಆಟಗಾರರ ಶೋಷಣೆ ಆಗೇದ ಅಂತ ಒಪ್ಪಿಕೊಂಡ್ರು.

ನಮ್ಮ ಮನಿಗಳೊಳಗೂ ಹಿಂಥಾ ಹೆಸರು ಭಾಳ ಅವ ನೋಡ್ರಿ. "ಅಕಿ ನಮ್ಮ ಮನಿಯವರ ಹಂಗ" ಅಂತ ಕೆಲಸದಾಕಿಗೆ ಅಂತಿರ್ತೇವಿ. ಮನಿಯವರ ಹಂಗ ಅಂದಮ್ಯಾಲೆ ಪಗಾರ ಹೆಚ್ಚು ಕೇಳಲಿಕ್ಕೆ ಅಕಿಗೆ ಸಂಕೋಚ. ರಜಾ ಕೇಳಲಿಕ್ಕೂ ಸಂಕೋಚ. ಛಲೋ ಹೆಸರು ಇಟ್ಟು ಕಡಿಮಿ ಕೊಡೂದು ಭಾಳ ಹಳೀ ಉಪಾಯ.

"ಫೀ ಮಾಫ್ ಮಾಡ್ತಾರಲ್ಲ, ಊಟಾ ವಸತಿ ಕೊಡ್ತಾರಲ್ಲ, ಇನ್ನೇನು ಬೇಕು?" ಅಂತ ಕೇಳವರಿದ್ದಾರ. ಸ್ಕಾಲರ್‌ಶಿಪ್ ಸಣ್ಣದಲ್ಲ, ಒಪ್ತೇನಿ. ಇಲ್ಲಿ ಫೀ ಕಟ್ಟಿದ ತಾಯಿ-ತಂದಿಗೆ ಅದರ ಬೆಲೆ ಗೊತ್ತದ. ಆದ್ರ ಅದಕ್ಕ ಬದಲಿ ಏನು ಕೊಡ್ತಾರ ಈ ಹುಡುಗರು? ನಾರ್ತ್‌ವೆಸ್ಟರ್ನ್ ಯುನಿವರ್ಸಿಟಿಯ ಆಟಗಾರರು 2014ರಾಗ ಯೂನಿಯನ್ ಮಾಡಲಿಕ್ಕೆ ಹೊಂಟಾಗ ಕಾರ್ಮಿಕ ಮಂಡಳಿಯ ಅಧಿಕಾರಿ ವಿಚಾರಣೆ ಮಾಡಿ, ಆಟದ ಕಾಲದಾಗ ಇವರು ವಾರಕ್ಕ 40ರಿಂದ 50 ತಾಸು ಫುಟ್‌ಬಾಲ್‌ಗೆ ಕೊಡ್ತಾರ ಅಂತ ಬರದ್ರು. ಅಷ್ಟು ತಾಸು ನಮ್ಮ ಗಂಡಸರು ಆಫೀಸಿನಾಗ ಕೂತ್ರ ಪೂರ್ತಿ ಪಗಾರ ತಗೋತಾರ. ಕಡೀಕ ವಾಷಿಂಗ್ಟನ್‌ನ ಮಂಡಳಿ 2015ರಾಗ ಇದು ನಮ್ಮ ವ್ಯಾಪ್ತಿಗೆ ಬ್ಯಾಡ ಅಂತ ಕೈ ತೊಳಕೊಂಡಿತು. ಆ ಯೂನಿಯನ್ ಆಗಲಿಲ್ಲ.

ಮುಂದಿನದು ಕೋರ್ಟಿನಾಗ ಆತು. 2021ರ ಜೂನ್‌ದಾಗ ದೇಶದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಂದ ಮಾತಿನಿಂದ, ಓದಿಗೆ ಸಂಬಂಧಪಟ್ಟ ಸವಲತ್ತಿಗೆ ಎನ್‌ಸಿಎಎ ಹಾಕಿದ ಮಿತಿ ಕಾನೂನಿಗೆ ವಿರುದ್ಧ ಅಂದ್ರು. ಮುಂದ ಹತ್ತು ದಿನಕ್ಕ, ಜುಲೈ ಒಂದರಿಂದ, ಹುಡುಗರು ತಮ್ಮ ಹೆಸರು, ಮುಖ, ಸಹಿ ಉಪಯೋಗಿಸಿ ಜಾಹೀರಾತಿನ ರೊಕ್ಕಾ ತಗೋಬಹುದು ಅಂತ ಆತು. 2025ರ ಜೂನ್‌ದಾಗ ಇನ್ನೊಂದು ದೊಡ್ಡ ಒಪ್ಪಂದಕ್ಕ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅಂಗೀಕಾರ ಕೊಟ್ರು. ಅದರ ಪ್ರಕಾರ 2016ರಿಂದ ಆಡಿದವರಿಗೆ ಹಿಂದಿನ ಬಾಕಿ ಅಂತ 280 ಕೋಟಿ ಡಾಲರ್ ಹತ್ತು ವರ್ಷದಾಗ ಕೊಡಬೇಕು. ಮತ್ತ 2025ರ ಜುಲೈದಿಂದ ಒಂದೊಂದು ಕಾಲೇಜು ತನ್ನ ಆಟಗಾರರಿಗೆಲ್ಲಾ ಸೇರಿ ಮೊದಲನೇ ವರ್ಷ 2 ಕೋಟಿ 5 ಲಕ್ಷ ಡಾಲರ್ ತನಕ ನೇರ ಹಂಚಬಹುದು. ಈ ಖಟ್ಲೆ ಹಾಕಿದವರೊಳಗ ಮೊದಲನೇ ಹೆಸರು ಫುಟ್‌ಬಾಲ್ ಆಟಗಾರನದಲ್ಲ. ಗ್ರಾಂಟ್ ಹೌಸ್ ಅನ್ನೋ ಈಜುಗಾರನದು.

ಇಷ್ಟು ರೊಕ್ಕ ಎಲ್ಲಿಂದ ಅಂದ್ರ ಟಿವಿ. ಮಿಶಿಗನ್ ಇರೋ ಬಿಗ್ ಟೆನ್ ಗುಂಪು 2022ರಾಗ ಮೂರು ಚಾನೆಲ್‌ಗಳ ಜೋಡಿ ಏಳು ವರ್ಷಕ್ಕ 700 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಕಡೀ ಹಂತದ ಪಂದ್ಯಾವಳಿ ತೋರಿಸಲಿಕ್ಕೆ ಇಎಸ್‌ಪಿಎನ್ ಆರು ವರ್ಷಕ್ಕ 780 ಕೋಟಿ ಕೊಡ್ತದ. ಇಷ್ಟು ದೊಡ್ಡ ಅಡಿಗಿ ಒಲಿ ಮ್ಯಾಲೆ ಇರೂ ಮುಂದ, ಉರಿ ಹಚ್ಚಿದವಗ ಒಂದು ತುತ್ತು ಬಿತ್ತು ಅಂತ ಆಟ ಕೆಟ್ಟಿತು ಅನ್ನೂದು ನ್ಯಾಯ ಅಲ್ಲ. ಇಲ್ಲಿನ ಕೋಚ್ ಆಗಿದ್ದ ಜಿಮ್ ಹಾರ್ಬಾ ಸುದ್ದಾ 2023ರಾಗ, ಆಟಗಾರರಿಗೂ ಪಾಲು ಕೊಡ್ರಿ ಅಂತ ಬಹಿರಂಗ ಹೇಳಿದ್ರು. ನಮ್ಮಂಥಾವ್ರು ಅಂಗಳಾ ಬಾಡಿಗಿಗೆ ಕೊಟ್ಟು ದುಡ್ಕೋತೇವಿ, ಹೊಟೇಲಿನವರು ದುಡ್ಕೋತಾರ. ಮೈ ಮುರಕೊಳ್ಳವ ಮಾತ್ರ ಪುಕ್ಕಟೆ ಆಡಬೇಕು ಅಂತ ನಾ ಯಾವ ಬಾಯಿಲೆ ಹೇಳಲಿ?

ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿ ಮಾಡ್ತಾರ, ನಿಷ್ಠಾ ಉಳದಿಲ್ಲ ಅನ್ನೂದು ಇನ್ನೊಂದು ದೂರು. ಇದು ಖರೇ ಅದ. ಮೊದಲು ಕಾಲೇಜು ಬಿಟ್ಟ್ರ ಒಂದು ವರ್ಷ ಆಡದ ಕೂಡಬೇಕಿತ್ತು, 2021ರಿಂದ ಆ ನಿಯಮ ಸಡಿಲ ಆತು, ಈಗ ಹೆಚ್ಚು ರೊಕ್ಕಾ ಕೊಡೂ ಕಡೆ ಹೋಗ್ತಾರ. ಕೋಚ್‌ಗಳೂ ಹಂಗ ಹೋಗ್ತಾರ, ಅವರನ್ನ ಯಾರೂ ಕೇಳಂಗಿಲ್ಲ. ಆದ್ರ ನಂಗೂ ಇದರಾಗ ಒಂದು ಕಾಳಜಿ ಅದ. ಮೂರು ಕಾಲೇಜು ತಿರುಗಿದ ಹುಡುಗನ ಪಾಠದ ಕ್ರೆಡಿಟ್ ಎಲ್ಲಾ ಹೊಸಾ ಕಾಲೇಜಿನವರು ಒಪ್ಪಂಗಿಲ್ಲ, ಡಿಗ್ರಿ ಹಿಂದ ಬೀಳತದ. ಎಲ್ಲಾರೂ ದೊಡ್ಡ ಲೀಗಿಗೆ ಹೋಗವರಲ್ಲ, ಭಾಳ ಮಂದಿಗೆ ಇಪ್ಪತ್ತೆರಡಕ್ಕ ಆಟ ಮುಗೀತದ. ಎರಡು ವರ್ಷದ್ದೋ ಮೂರು ವರ್ಷದ್ದೋ ಸರಿಯಾದ ಕರಾರು ಎರಡೂ ಕಡೆಯಿಂದ ಬರಸಿಕೊಂಡ್ರ ಇದು ಬಗೆಹರೀತದ. ಆದ್ರ ಕರಾರು ಅಂದಕೂಡಲೇ ನೌಕರ ಅಂತ ಒಪ್ಪಬೇಕಾಗ್ತದ. ಕಾಲೇಜಿನವರು ಹಿಂದ ಸರಿಯೂದು ಅಲ್ಲೇ.

ಇಲ್ಲಿತನಕ ನಾ ಹುಡುಗರ ಪರ. ಇನ್ನ ಮುಂದಿಂದು ಹೆಣ್ಣುಮಕ್ಕಳ ವಿಚಾರ.

ಆ 2 ಕೋಟಿ 5 ಲಕ್ಷ ಹೆಂಗ ಹಂಚೂದು ಅಂತ ಕಾಲೇಜಿಗೆ ಬಿಟ್ಟಾರ. ದೊಡ್ಡ ದೊಡ್ಡ ಕಾಲೇಜಿನಾಗ ಭಾಳ ಕಡೆ ಹಿಡದ ಲೆಕ್ಕ ಏನಂದ್ರ, ನೂರರಾಗ ಸುಮಾರು 75 ಫುಟ್‌ಬಾಲ್‌ಗೆ, 15 ಗಂಡುಮಕ್ಕಳ ಬಾಸ್ಕೆಟ್‌ಬಾಲ್‌ಗೆ, 5 ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್‌ಗೆ. ಉಳದ 5ರಾಗ ಬಾಕಿ ಎಲ್ಲಾ ಆಟ, ಹುಡುಗರದೂ ಹುಡುಗಿಯರದೂ. ನಮ್ಮ ಅಜ್ಜಿ ಕಾಲದ ಪಂಕ್ತಿ ನೆನಪಾತು ನಂಗ. ಗಂಡಸರದು ಮೊದಲನೇ ಪಂಕ್ತಿ, ಬಿಸಿ ಹೋಳಿಗಿ ತುಪ್ಪ. ಬಡಿಸಿದವರು ಕಡೀಕ ಕೂತಾಗ ಸಾರಿನ ತಳಾ, ಹೋಳಿಗಿ ಚೂರು.

"ಫುಟ್‌ಬಾಲ್ ದುಡೀತದ, ಫುಟ್‌ಬಾಲ್ ತಗೋತದ" ಅಂತಾರ. ಅಂಗಡಿಯಾದ್ರ ಸರಿ. ಆದ್ರ ಇವು ಕಾಲೇಜು. ತೆರಿಗಿ ಮಾಫಿ ತಗೊಂಡಿದ್ದು ಕಾಲೇಜು ಅಂತನ. 1972ರಿಂದ ಇಲ್ಲೆ ಟೈಟಲ್ ನೈನ್ ಅನ್ನೋ ಕಾನೂನು ಅದ. ಸರಕಾರದ ರೊಕ್ಕಾ ತಗೊಳ್ಳೋ ವಿದ್ಯಾಸಂಸ್ಥೆ ಗಂಡು ಹೆಣ್ಣು ಅಂತ ಭೇದ ಮಾಡಂಗಿಲ್ಲ. ಅಮೇರಿಕಾದ ಹುಡುಗಿಯರು ಒಲಿಂಪಿಕ್ಸ್‌ನಾಗ ಕೊರಳ ತುಂಬ ಪದಕ ಹಾಕ್ಕೊಂಡು ಬರ್ತಾರಲ್ಲ, ಅದರ ಹಿಂದ ಈ ಕಾನೂನಿಂದ ಹುಟ್ಟಿದ ಕಾಲೇಜು ತಂಡಗಳು ಅವ. 2025ರ ಜನವರಿಯಾಗ ಸರಕಾರದ ಶಿಕ್ಷಣ ಇಲಾಖೆ, ಈ ಹೊಸಾ ಪಾಲಿಗೂ ಟೈಟಲ್ ನೈನ್ ಹತ್ತತದ ಅಂತ ಸೂಚನಾ ಕೊಟ್ಟಿತ್ತು. ಸರಕಾರ ಬದಲಾತು, ಫೆಬ್ರವರಿಯಾಗ ಅದ ಇಲಾಖೆ ಅದನ್ನ ವಾಪಸ್ ತಗೊಂಡಿತು. ಹಿಂದಿನ ಬಾಕಿ ಹಂಚೂದರಾಗ ಹೆಣ್ಣುಮಕ್ಕಳಿಗೆ ಅನ್ಯಾಯ ಆಗೇದ ಅಂತ ಎಂಟು ಮಂದಿ ಆಟಗಾರ್ತಿಯರು ಮೇಲ್ಮನವಿ ಹಾಕಿದ್ರು. ಅವರ ಧೈರ್ಯಕ್ಕ ನಾ ಕೈ ಮುಗೀತೇನಿ.

ಹೆಣ್ಣುಮಕ್ಕಳ ಆಟ ಯಾರು ನೋಡ್ತಾರ ಅಂತ ನಗವರಿಗೆ ಎರಡು ಲೆಕ್ಕ ಹೇಳ್ತೇನಿ. 2023ರ ಆಗಸ್ಟ್ 30ಕ್ಕ ನೆಬ್ರಾಸ್ಕಾದ ಹುಡುಗಿಯರು ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂನಾಗನ ವಾಲಿಬಾಲ್ ಆಡಿದ್ರು. ನೋಡಲಿಕ್ಕೆ ಬಂದವರು 92,003 ಮಂದಿ. 2024ರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್, ಕೇಟ್ಲಿನ್ ಕ್ಲಾರ್ಕ್ ಆಡಿದ್ದು, ಟಿವಿಯಾಗ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದ್ರು. ಆ ವರ್ಷದ ಗಂಡುಮಕ್ಕಳ ಫೈನಲ್‌ಗಿಂತ ಜಾಸ್ತಿ ಅದು. ಛಲೋ ಜಾಗಾ, ಛಲೋ ವ್ಯಾಳ್ಯಾ ಕೊಟ್ಟ್ರ ಮಂದಿ ಬರ್ತಾರ. ಬೀಜಾ ಹಾಕದ ಬೆಳಿ ಬರಲಿಲ್ಲ ಅಂದ್ರ ಹೆಂಗ?

ತಾಟು ಸಣ್ಣದಾಗೂದು ಆಗಲೇ ಶುರು ಆಗೇದ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯುನಿವರ್ಸಿಟಿ 2025ರ ಮಾರ್ಚ್‌ದಾಗ ತನ್ನ ಈಜಿನ ತಂಡಗಳನ್ನ, ಗಂಡು ಹೆಣ್ಣು ಎರಡೂ, ನಿಲ್ಲಿಸಿತು. ಹೊಸಾ ಒಪ್ಪಂದದ ಖರ್ಚೂ ಒಂದು ಕಾರಣ ಅಂತು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಯುನಿವರ್ಸಿಟಿ ಈ ಓಟದಾಗ ನಮ್ಮ ಕೈಲೆ ಆಗಂಗಿಲ್ಲ ಅಂತ ಮ್ಯಾಲಿನ ದರ್ಜೆ ಬಿಟ್ಟು ಕೆಳಗಿನ ದರ್ಜೆಗೆ ಇಳೀಲಿಕ್ಕೆ ನಿರ್ಧಾರ ಮಾಡಿತು. ಟೆನೆಸಿ ಯುನಿವರ್ಸಿಟಿ ಫುಟ್‌ಬಾಲ್ ಟಿಕೀಟಿನ ಮ್ಯಾಲೆ "ಟ್ಯಾಲೆಂಟ್ ಫೀ" ಅಂತ ನೂರಕ್ಕ ಹತ್ತು ಹೆಚ್ಚು ಹಾಕಿತು. ಅದು ನೋಡಲಿಕ್ಕೆ ಹೋಗವರ ಪಾಡು. ಆದ್ರ ಎಷ್ಟೋ ಸಣ್ಣ ಕಾಲೇಜಿನಾಗ ಆಟ ನೋಡದ ಮಕ್ಕಳ ಫೀ ಚೀಟಿಯೊಳಗೂ ಕ್ರೀಡಾ ಶುಲ್ಕ ಸೇರಿರ್ತದ. ಎಂ.ಎಸ್ ಮಾಡಲಿಕ್ಕೆ ಮಕ್ಕಳನ್ನ ಕಳಸವರು ಆ ಚೀಟಿ ಒಮ್ಮೆ ಸಾವಕಾಶ ಓದ್ರಿ.

ಇನ್ನೊಂದು ತ್ರಾಸು ಪ್ರಯಾಣದ್ದು. ಟಿವಿ ರೊಕ್ಕದ ಬೆನ್ನು ಹತ್ತಿ ಪಶ್ಚಿಮ ತೀರದ ಪ್ಯಾಕ್-12 ಅನ್ನೋ ಹಳೀ ಗುಂಪು ಒಡದು ಹೋತು. ಹನ್ನೆರಡರಾಗ ಹತ್ತು ಕಾಲೇಜು 2024ರಾಗ ಬ್ಯಾರೆ ಗುಂಪು ಸೇರಿದ್ವು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಈಗ ನ್ಯೂಜರ್ಸಿಯ ರಟ್ಗರ್ಸ್ ಇರೋ ಗುಂಪಿನಾಗ ಅದ. ನಡುವ ಸುಮಾರು 4,000 ಕಿಲೋಮೀಟರ್. ಫುಟ್‌ಬಾಲ್ ಹುಡುಗರು ವಾರಕ್ಕೊಂದು ಆಟ ಆಡ್ತಾರ, ಅವರಿಗಂತ ಬ್ಯಾರೆ ವಿಮಾನ. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರಿಗೆ ವಾರದಾಗ ಎರಡೆರಡು, ಮೂರು ಮೂರು ಆಟ. ಫುಟ್‌ಬಾಲ್ ಸಲುವಾಗಿ ಮಾಡಿದ ಸಂಬಂಧಕ್ಕ ಇವರು ದೇಶ ಅಡ್ಡ ಹಾರಬೇಕು. ಮರುದಿನ ಕ್ಲಾಸು, ಪರೀಕ್ಷಾ. ಯಾರದೋ ಮದವಿ, ಹೊರಿ ಹೊರವರು ಇವರು.

ಹಂಗಾರ ಮುಂದೇನು? ನನ್ನ ಅಭಿಪ್ರಾಯ ಹೇಳ್ತೇನಿ. ಫುಟ್‌ಬಾಲ್‌ನ ಒಂದ ಬ್ಯಾರೆ ಒಲಿ ಹೂಡಿ ಬಿಡ್ರಿ. ಕಾಲೇಜಿನ ಹೆಸರು, ಬಣ್ಣ, ಬ್ಯಾಂಡು ಎಲ್ಲಾ ಇರಲಿ. ಆದ್ರ ದೇಶದ ತುಂಬ ಆಡೋ ಫುಟ್‌ಬಾಲ್ ಗುಂಪು ಬ್ಯಾರೆ, ಉಳದ ಆಟದ ಗುಂಪು ಬ್ಯಾರೆ. ಈಜು, ವಾಲಿಬಾಲ್, ಟೆನಿಸ್ ಮಕ್ಕಳು ಮೊದಲಿನ ಹಂಗ ಬಸ್ಸಿನಾಗ ಹೋಗಿ ಬರೂವಷ್ಟು ಹತ್ತರದ ಕಾಲೇಜಿನ ಜೋಡಿ ಆಡಲಿ. ಟಿವಿ ರೊಕ್ಕದಾಗ ಒಂದು ಪಾಲು ಮೊದಲ ತಗದು ಆ ಆಟಕ್ಕ ಇಡ್ರಿ, ಉಳದದ್ದು ಹಂಚ್ರಿ. ಪಗಾರ ಬಂದಕೂಡಲೇ ಸಾಲಿ ಫೀ ಬಾಜೂಕ ತಗದಿಟ್ಟು ಆಮ್ಯಾಲೆ ಸಂತಿ ಮಾಡೂದು ನಮ್ಮೆಲ್ಲಾರಿಗೂ ರೂಢಿ ಅದ. ಇದೂ ಅಷ್ಟ.

ಮತ್ತ ಹುಡುಗರಿಗೆ ರೊಕ್ಕಾ ಕೊಟ್ಟ್ರ ಸಾಲದು, ನೌಕರ ಅಂತ ಒಪ್ರಿ. ಈ ಮಾತು ಯಾಕಂದ್ರ, ಬೋಸ್ಟನ್ ಯುನಿವರ್ಸಿಟಿಯವರು 2017ರಾಗ ಪ್ರಕಟ ಮಾಡಿದ ಅಧ್ಯಯನದಾಗ, ಕಾಲೇಜು ಮಟ್ಟದ ತನಕ ಆಡಿ ತೀರಿಕೊಂಡ 53 ಮಂದಿ ಮೆದುಳು ನೋಡಿದಾಗ 48ರಾಗ ಸಿಟಿಇ ಅನ್ನೋ ರೋಗ ಇತ್ತು. ಪದೇ ಪದೇ ತಲಿಗೆ ಪೆಟ್ಟು ಬಿದ್ದು ಬರೋ ರೋಗ ಅದು. ಅನುಮಾನ ಇದ್ದ ಮನಿಯವರನ ಹೆಚ್ಚಾಗಿ ಮೆದುಳು ದಾನ ಮಾಡಿರ್ತಾರ, ಹಂಗಾಗಿ ಎಲ್ಲಾ ಆಟಗಾರರಿಗೂ ಇಷ್ಟ ಪ್ರಮಾಣ ಅಂತ ತಿಳಕೋಬ್ಯಾಡ್ರಿ. ಆದ್ರೂ ಎದಿ ಧಸಕ್ಕ ಅಂತದ. ಅದರ ಲಕ್ಷಣಾ ಆಡೂದು ಬಿಟ್ಟು ಎಷ್ಟೋ ವರ್ಷ ಆದಮ್ಯಾಲೆ ಕಾಣಿಸ್ಕೋತಾವು. ಎನ್‌ಸಿಎಎ 2024ರ ಆಗಸ್ಟ್‌ದಿಂದ ಶುರು ಮಾಡಿದ ವಿಮಾ ಆಟ ಮುಗಿದಮ್ಯಾಲೆ ಎರಡು ವರ್ಷ ನಡೀತದ, ಅಷ್ಟ. ಮುಂದ ನೋಡಿಕೊಳ್ಳವ್ರು ಯಾರು? ಹೆಂಡತಿ, ಇಲ್ಲಾ ತಾಯಿ. ಹುಡುಗ ನಲವತ್ತಕ್ಕ ಮರವು ಹಿಡದು ಕೂತ್ರ ಸ್ಟೇಡಿಯಂನಾಗ ಚಪ್ಪಾಳಿ ಹೊಡದ ಲಕ್ಷ ಮಂದಿ ಬಂದು ಊಟಾ ಮಾಡಸಂಗಿಲ್ಲ.

2024ರಾಗ ಫಿಲಡೆಲ್ಫಿಯಾದ ಫೆಡರಲ್ ಮೇಲ್ಮನವಿ ಕೋರ್ಟ್, ಕಾಲೇಜು ಆಟಗಾರರು ನೌಕರರು ಆಗಲಿಕ್ಕೂ ಸಾಧ್ಯ ಅದ ಅಂತ ಬಾಗಿಲಾ ಒಂದೀಟು ತಗದದ. ರೇ ಡೆನಿಸನ್‌ನ ಹೆಂಡತಿ ಕೇಳಿದ್ದೂ ಇದನ್ನ. ಇಷ್ಟು ವರ್ಷ ಆತು, ರೊಕ್ಕದ ಅಂಕಿಗೆ ಸೊನ್ನಿ ಸೇರಕೋತ ಹೋದ್ವು, ಅಕಿ ಕೇಳಿದ್ದಕ್ಕ ಕಾಲೇಜಿನವರು ಇನ್ನೂ ಹೂಂ ಅಂದಿಲ್ಲ.

ಇದೆಲ್ಲಾ ಬ್ಯಾರೆಯವರ ಮನಿ ಸುದ್ದಿ ಅಂತ ಬಿಡಬ್ಯಾಡ್ರಿ. ಇಲ್ಲಿರೋ ನಮ್ಮ ಕನ್ನಡದ ಮನಿ ಮಕ್ಕಳು ಫುಟ್‌ಬಾಲ್‌ಗೆ ಹೋಗೂದು ಕಡಿಮಿ. ಟೆನಿಸ್, ಈಜು, ಗಾಲ್ಫ್, ಓಟ ಅಂತ ಹೋಗ್ತಾರ. ಕತ್ತರಿ ಮೊದಲ ಬೀಳೂದು ಅಲ್ಲೇ. ಮುಂಜಾನೆ ಐದಕ್ಕ ಎದ್ದು ಮಗಳನ್ನ ಈಜಿನ ಪ್ರ್ಯಾಕ್ಟೀಸಿಗೆ ಕಾರಿನಾಗ ಬಿಟ್ಟು ಬರೋ ತಾಯಂದಿರು ನಮ್ಮೊಳಗ ಎಷ್ಟು ಮಂದಿ ಇದ್ದೀರಿ! ಮಕ್ಕಳನ್ನ ಕರಕೊಂಡು ಕಾಲೇಜು ನೋಡಲಿಕ್ಕೆ ಹೋದಾಗ ಅವರು ದೊಡ್ಡ ಸ್ಟೇಡಿಯಂ ತೋರಸ್ತಾರ, ಹೊಳೆಯೋ ಜಿಮ್ ತೋರಸ್ತಾರ. ನೋಡ್ರಿ, ಫೋಟೋನೂ ತಗೊಳ್ರಿ. ಆಮ್ಯಾಲೆ ಸಂಕೋಚ ಬಿಟ್ಟು ಎರಡು ಮಾತು ಕೇಳ್ರಿ. ನನ್ನ ಮಗಳ ತಂಡ ಇನ್ನ ನಾಲ್ಕು ವರ್ಷ ಇರ್ತದೇನು? ಅಕಿಗೆ ಪೆಟ್ಟು ಬಿದ್ದರ ನೀವು ಎಷ್ಟು ವರ್ಷ ನೋಡ್ಕೋತೀರಿ? ಉತ್ತರ ಬಾಯಿಲೆ ಹೇಳಿದ್ರ ಸಾಲದು, ಬರದು ಕೊಡ್ರಿ ಅನ್ರಿ.